ಉಸಿರು ಕತ್ತರಿಸಿದ ಮಾತು

"ಇನ್ನೊಂದು ಸಲ ಹಾಕಮ್ಮ," ಎಂದರು ಪಿಟೀಲು ತಾತ. "ಈ ಸಲ ಮಾತು ಕೇಳಬೇಡ. ಮಾತಿನ ಸಂದಿ ಕೇಳು."

ಹೆಡ್ಡಮ್ಮ ಫೋನನ್ನು ಮೇಜಿನ ಮೇಲಿಟ್ಟು ಐದನೆಯ ಸಲ ಅದೇ ಗುಂಡಿ ಒತ್ತಿದಳು.

'ನಾನು ನನ್ನಿಷ್ಟದಿಂದಲೇ ಹೋಗ್ತಾ ಇದ್ದೀನಿ. ಯಾರೂ ಬಲವಂತ ಮಾಡಿಲ್ಲ. ಮನೆ ಹಾಗೇ ಇರಲಿ.'

ಅಷ್ಟಕ್ಕೆ ತಾತ ಕೈ ಎತ್ತಿದರು. ಹೆಡ್ಡಮ್ಮ ನಿಲ್ಲಿಸಿದಳು. ಪ್ರತಿ ಸಲವೂ ಅವರು ಅಲ್ಲಿಗೇ ನಿಲ್ಲಿಸುತ್ತಿದ್ದರು. ಮುಂದಿನ 'ನನ್ನನ್ನ ಹುಡುಕಬೇಡಿ' ಎಂಬ ಮಾತನ್ನು ಠಾಣೆಯಲ್ಲಿ ಒಮ್ಮೆ ಕೇಳಿದ್ದೇ ಸಾಕಾಗಿತ್ತು ಅವರಿಗೆ.

ಸಂಗೀತದವರೆಲ್ಲ ದೊಡ್ಡಕ್ಕ ಎಂದು ಕರೆಯುವ ಆ ಗಾಯಕಿ ಮನೆ ಬಿಟ್ಟು ಹನ್ನೊಂದು ದಿನ ಆಗಿತ್ತು. ಅದೇ ಬೆಳಗ್ಗೆ ಮಗಳ ಫೋನಿಗೆ ಬಂದಿದ್ದು ಈ ಧ್ವನಿ ಸಂದೇಶ. ಇವತ್ತು ಸಂಜೆ ಐದಕ್ಕೆ ಇನ್ಸ್‌ಪೆಕ್ಟರ್ 'ಸ್ವಂತ ಇಚ್ಛೆಯಿಂದ ಹೋಗಿದ್ದಾರೆ' ಎಂದು ಬರೆದು ಕಡತ ಮುಚ್ಚುತ್ತಾನೆ. ಆಮೇಲೆ ಅರವತ್ತೆಂಟು ವರ್ಷದ ಆ ಹೆಂಗಸನ್ನು ಹುಡುಕುವವರು ಯಾರೂ ಇರುವುದಿಲ್ಲ.

ಪೊಲೀಸ್ ಕೆಲಸದಿಂದ ನಿವೃತ್ತಳಾಗಿ ನಾಲ್ಕು ವರ್ಷವಾದರೂ ಹೆಡ್ಡಮ್ಮನ ಹೆಸರು ಹೋಗಿರಲಿಲ್ಲ. ಹೆಡ್ ಕಾನ್‌ಸ್ಟೆಬಲ್ ಆಗಿದ್ದರಿಂದ ಹೆಡ್ಡಮ್ಮ. ಆ ಹೆಸರಿಗೆ ಇನ್ನೊಂದು ಅರ್ಥವೂ ಇದೆ ಎಂದು ಆಕೆಗೆ ಗೊತ್ತಿತ್ತು. ಎದುರಿಗೆ ಕೂತವರು ಆ ಇನ್ನೊಂದು ಅರ್ಥವನ್ನೇ ನಂಬಿಕೊಂಡರೆ ತನ್ನ ಕೆಲಸ ಅರ್ಧ ಹಗುರವಾಗುತ್ತದೆ ಎಂಬುದೂ ಗೊತ್ತಿತ್ತು.

"ಸಂದಿಯಲ್ಲಿ ಏನೂ ಇಲ್ಲವಲ್ಲ ತಾತ."

"ಅದೇ ನಾನು ಹೇಳ್ತಿರೋದು. ಏನೂ ಇಲ್ಲ. ಅವಳು ಉಸಿರೇ ಎಳ್ಕೊಂಡಿಲ್ಲ."

ಹೆಡ್ಡಮ್ಮ ಎದೆಯ ಮೇಲೆ ಕೈ ಇಟ್ಟುಕೊಂಡು ಅದೇ ಮೂರು ವಾಕ್ಯಗಳನ್ನು ತಾನೇ ಹೇಳಿ ನೋಡಿದಳು. ಎರಡು ಸಲ ಎದೆ ಏರಿತು. ಇನ್ನೊಮ್ಮೆ ಹೇಳಿದಳು, ಬೇಕೆಂತಲೇ ಉಸಿರು ಬಿಗಿಹಿಡಿದು. ಕೊನೆಯ ಮಾತು ಕಿರುಗುಟ್ಟಿತು. ಫೋನಿನಲ್ಲಿದ್ದ ಮಾತು ಮಾತ್ರ ಒರೆಸಿಟ್ಟ ಗಾಜಿನ ಹಾಗಿತ್ತು.

ತಾತನ ಕೋಣೆಯಲ್ಲಿ ಒಂದೇ ಮಂಚ. ಅದರ ಮೇಲೆ ಪಿಟೀಲಿನ ಪೆಟ್ಟಿಗೆ ಮಲಗಿತ್ತು. ತಾತ ಕುರ್ಚಿಯಲ್ಲಿ ಕೂತಿದ್ದರು. ಅವರು ಕೂತಲ್ಲೇ ಹಳೆಯ ದಿನಗಳನ್ನು ಹೇಳತೊಡಗಿದರು. ಆಗ ಇಡೀ ಹಾಡಿಗೆ ಒಂದೇ ಮೈಕು. ಅದರ ಮುಂದೆ ದೊಡ್ಡಕ್ಕ, ಎರಡು ಹೆಜ್ಜೆ ಹಿಂದೆ ತಾತ, ಡ್ರಮ್ಮಿನವನನ್ನು ಅವನ ಸದ್ದು ಹೆಚ್ಚೆಂದು ಬಾಗಿಲಾಚೆ ಕಾರಿಡಾರಿನಲ್ಲಿ ನಿಲ್ಲಿಸುತ್ತಿದ್ದರು. ಹಾಡಿನ ಕೊನೆಯ ಸಾಲಿನಲ್ಲಿ ಒಬ್ಬ ಕೆಮ್ಮಿದರೂ ಮೊದಲಿನಿಂದ ಎಲ್ಲ ಶುರು. ಕೆಮ್ಮಿದವನ ಮುಖವನ್ನು ಆ ದಿನ ಯಾರೂ ನೋಡುತ್ತಿರಲಿಲ್ಲ.

"ಮೂವತ್ತು ವರ್ಷ ನಾನು ಅವಳ ಉಸಿರು ಕೇಳಿ ಕಮಾನು ಎತ್ತಿದೀನಿ," ಎಂದರು. "ಅವಳು ಎಳ್ಕೊಂಡ್ರೆ ನಾನು ಶುರು. ನನ್ನ ಹೆಂಡತಿ ಉಸಿರೂ ನನಗೆ ಅಷ್ಟು ಗೊತ್ತಿರಲಿಲ್ಲ, ಪಾಪ."

ಆಮೇಲೆ ಒಬ್ಬೊಬ್ಬರನ್ನು ಒಂದೊಂದು ಗೂಡಿನಲ್ಲಿ ಕೂರಿಸಿದರು. ಕಿವಿಗೆ ಟಿಕ್ ಟಿಕ್ ಎನ್ನುವ ತಾಳ, ಎದುರಿಗೆ ಗೋಡೆ. ತಾತ ನುಡಿಸಿದ ಹಾಡನ್ನು ದೊಡ್ಡಕ್ಕ ಮರುದಿನ ಬಂದು ಹಾಡಿ ಹೋಗುತ್ತಿದ್ದಳು. ಕೊನೆಗೊಂದು ಮಧ್ಯಾಹ್ನ ತಾತನನ್ನು ಕಾರಿನಲ್ಲಿ ಕರೆಸಿ, ಮೆಲ್ಲಗೆ, ಜೋರಾಗಿ, ಗಿಡ್ಡ, ಉದ್ದ ಎಂದು ಪಿಟೀಲಿನ ಒಂದೊಂದು ಸ್ವರವನ್ನೂ ನುಡಿಸಿ ರೆಕಾರ್ಡ್ ಮಾಡಿಕೊಂಡರು. ಟೀ ಕೊಟ್ಟರು. ಕಾರಿನಲ್ಲೇ ಮನೆಗೆ ಬಿಟ್ಟರು. ಅವತ್ತಿನಿಂದ ಕರೆಯಲೇ ಇಲ್ಲ. ಈಗ ಬಸ್ಸಿನಲ್ಲಿ ಕೂತಾಗ ಯಾವುದೋ ಹೊಸ ಹಾಡಿನಲ್ಲಿ ತನ್ನದೇ ಪಿಟೀಲು ಕೇಳಿಸುತ್ತದೆ, ತಾನು ಎಂದೂ ನುಡಿಸದ ರಾಗದಲ್ಲಿ.

ಏಳೆಂಟು ತಿಂಗಳ ಹಿಂದೆ ಡ್ರಮ್ಮಿನವನ ಸಾವಿಗೆ ಎಲ್ಲರೂ ಸೇರಿದ್ದಾಗ, ಈ ಸಂಕಟವನ್ನೆಲ್ಲ ತಾತ ದೊಡ್ಡಕ್ಕನ ಮೇಲೆ ಕಾರಿಕೊಂಡಿದ್ದರು. ನಾಲ್ಕು ಜನರೆದುರು, ನೀನೂ ನಿನ್ನ ದನಿ ಬರೆದುಕೊಟ್ಟು ಮನೆ ಸೇರು ಎಂದಿದ್ದರು. ಆಮೇಲೆ ಇಬ್ಬರಿಗೂ ಮಾತಿಲ್ಲ. ಕ್ಷಮೆ ಕೇಳೋಣವೆಂದು ಹೋದ ವಾರ ಅವಳ ಮನೆಗೆ ಹೋದರೆ ಬಾಗಿಲಿಗೆ ಬೀಗ. ಠಾಣೆಗೆ ಹೋದವರೂ ತಾತನೇ, ಹೆಡ್ಡಮ್ಮನ ಬಾಗಿಲು ತಟ್ಟಿದವರೂ ತಾತನೇ. ಹಾಗೆಂದು ಆಕೆ ಅವರ ಹೆಸರನ್ನು ಅನುಮಾನದ ಪಟ್ಟಿಯಿಂದ ತೆಗೆದಿರಲಿಲ್ಲ. ಕಳ್ಳನೇ ಪೊಲೀಸರನ್ನು ಕರೆಯುವುದನ್ನು ಆಕೆ ಕೆಲಸದಲ್ಲಿದ್ದಾಗ ಮೂರು ಸಲ ಕಂಡಿದ್ದಳು.

"ಉಸಿರು ತಾನಾಗೇ ಹೋಗುತ್ತಾ ತಾತ?"

"ಯಾರಾದ್ರೂ ಕತ್ತರಿಸಬೇಕು. ಹೀಗೆ ಕಲೆಯೇ ಕಾಣದ ಹಾಗೆ ಕತ್ತರಿಸೋನು ಈ ಊರಲ್ಲಿ ಒಬ್ಬನೇ ಇದ್ದಾನೆ. ಅದಕ್ಕೇ ಅವನಿಗೆ ಕತ್ತರಿ ಅಂತ ಹೆಸರು."

ಮೆಟ್ಟಿಲಿಳಿಯುತ್ತ ಹೆಡ್ಡಮ್ಮ ಇನ್ಸ್‌ಪೆಕ್ಟರಿಗೆ ಫೋನು ಮಾಡಿದಳು. ಕಡತಕ್ಕೆ ದಾರ ಕಟ್ಟುವುದನ್ನು ಅವನಿಗೆ ಕಲಿಸಿದವಳೇ ಆಕೆ. ಅವನು ಗೌರವದಿಂದಲೇ ಕೇಳಿಸಿಕೊಂಡ. ಉಸಿರಿಲ್ಲ ಅನ್ನುವುದನ್ನು ಯಾವ ಕಾಲಮ್ಮಿನಲ್ಲಿ ಬರೆಯಲಿ ಎಂದು ಕೇಳಿದ. ಐದರೊಳಗೆ ಕೈಗೆ ಸಿಗುವಂಥದ್ದು ಏನಾದರೂ ತಂದರೆ ಸರಿ, ಇಲ್ಲದಿದ್ದರೆ ಮಗಳು ಸಹಿ ಹಾಕುತ್ತಾಳೆ, ಮುಗಿಯಿತು ಎಂದ.

ಆಗ ಗಂಟೆ ಮೂರಾಗಿತ್ತು.

ದಾರಿಯುದ್ದಕ್ಕೂ ಹೆಡ್ಡಮ್ಮನಿಗೆ ಆ ಮಗಳದೇ ಯೋಚನೆ. ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು, ನಲವತ್ತರ ಹತ್ತಿರದ ಒಂಟಿ ಹೆಣ್ಣು. ತಾಯಿಯ ಜೊತೆ ಎರಡು ವರ್ಷದಿಂದ ಮಾತಿರಲಿಲ್ಲ. ಬೆಳಗ್ಗೆ ಹೋದಾಗ ಬಾಯಿಗೆ ಬಟ್ಟೆಯ ಮಾಸ್ಕು ಕಟ್ಟಿಕೊಂಡು ಗಿರಾಕಿಯೊಬ್ಬರ ಕಣ್ಣಿಗೆ ಗಾಜು ಬದಲಿಸುತ್ತಿದ್ದಳು. ಒಂದು ಕಿವಿಯಲ್ಲಿ ಸಣ್ಣ ಇಯರ್‌ಫೋನು. ಗಿರಾಕಿ ಎದ್ದು ಹೋದ ಮೇಲೆ ಹೆಡ್ಡಮ್ಮನಿಗೆ ಗೊತ್ತಾಯಿತು, ಅವಳು ಕೆಲಸದ ನಡುವೆಯೂ ಆ ಸಂದೇಶವನ್ನೇ ಕೇಳುತ್ತಿದ್ದಳು.

ಆ ಸಂದೇಶದ ಕೊನೆಯಲ್ಲಿ ಒಂದು ಮಾತಿತ್ತು: 'ಮಗಳೇ, ನಿನ್ನ ಮೇಲೆ ನನಗೇನೂ ಬೇಜಾರಿಲ್ಲ.'

ತನಗೆ ಅಷ್ಟೇ ಸಾಕು, ಇನ್ನು ಯಾರೂ ಅಮ್ಮನನ್ನು ಕೆದಕುವುದು ಬೇಡ ಎಂದು ಮಗಳು ಮಾಸ್ಕಿನೊಳಗಿಂದ ಪಿಸುಗುಟ್ಟಿದ್ದಳು. ಆದರೂ ಕೇಳಿದ ಕೂಡಲೇ ಸಂದೇಶದ ಪ್ರತಿಯನ್ನು ಹೆಡ್ಡಮ್ಮನ ಫೋನಿಗೆ ಕಳಿಸಿದ್ದಳು. ಹೊರಡುವಾಗ ಹೆಡ್ಡಮ್ಮನ ಭುಜಕ್ಕೆ ಹಣೆ ಒತ್ತಿ ಸ್ವಲ್ಪ ಹೊತ್ತು ಅತ್ತಿದ್ದಳು. ಸೀರೆಯ ಮೇಲೆ ಆ ಒದ್ದೆ ಗುರುತು ಇನ್ನೂ ಪೂರ್ತಿ ಆರಿರಲಿಲ್ಲ.

ಸಾವಿನ ಸುದ್ದಿಯನ್ನು ಎಷ್ಟೋ ಬಾಗಿಲುಗಳಿಗೆ ಒಯ್ದವಳು ಹೆಡ್ಡಮ್ಮ. ಅದಕ್ಕೊಂದು ರೀತಿಯಿದೆ, ಕಲಿತಿದ್ದಳು. ಆದರೆ 'ನಿನ್ನ ತಾಯಿ ನಿನ್ನನ್ನು ಕ್ಷಮಿಸಲಿಲ್ಲ, ಆ ಮಾತನ್ನು ಬೇರೆ ಯಾರೋ ಹೊಲಿದರು' ಎಂದು ಒಬ್ಬಳಿಗೆ ಹೇಳುವುದು ಹೇಗೆಂದು ಯಾವ ಠಾಣೆಯಲ್ಲೂ ಕಲಿಸಿರಲಿಲ್ಲ.

ಕತ್ತರಿಯ ಸ್ಟುಡಿಯೊ ಒಂದು ಲಾಂಡ್ರಿಯ ಮೇಲೆ, ಮೂರನೆಯ ಮಹಡಿಯಲ್ಲಿತ್ತು. ಮೆಟ್ಟಿಲ ತುಂಬ ಒದ್ದೆ ಬಟ್ಟೆಯ ಹಬೆ. ಒಂದರ ಹಿಂದೆ ಒಂದು ಎರಡು ಬಾಗಿಲು. ಒಳಗಿನ ದೊಡ್ಡ ಹಾಲಿನಲ್ಲಿ ಒಂದು ಕಾಲಕ್ಕೆ ನಲವತ್ತು ಜನ ವಾದ್ಯ ಹಿಡಿದು ನಿಲ್ಲುತ್ತಿದ್ದರಂತೆ. ಈಗ ಅಲ್ಲಿ ಯಾರದೋ ಟೈಲ್ಸ್ ಪೆಟ್ಟಿಗೆಗಳನ್ನು ಚಾವಣಿಯವರೆಗೆ ಪೇರಿಸಿದ್ದರು. ಕೆಲಸವೆಲ್ಲ ಪಕ್ಕದ ಕಿರುಕೋಣೆಯಲ್ಲಿ: ಒಂದು ಕಂಪ್ಯೂಟರು, ಎರಡು ಎದೆಮಟ್ಟದ ಸ್ಪೀಕರು, ಎರಡು ಕುರ್ಚಿ. ಮೂಲೆಯಲ್ಲಿ ಹಳೆಯ ಟೇಪ್ ಯಂತ್ರಕ್ಕೆ ಬೆಡ್‌ಶೀಟು ಹೊದಿಸಿದ್ದರು, ಸತ್ತವರಿಗೆ ಹೊದಿಸುವ ಹಾಗೆ ತಲೆಯವರೆಗೂ.

ಕತ್ತರಿ ಅರವತ್ತರ ಸಣಕಲ ಮನುಷ್ಯ. ಬಲಗೈ ಹೆಬ್ಬೆರಳಿನ ತುಂಬ ಬ್ಲೇಡಿನ ಹಳೆಯ ಗೀರುಗಳು. ಜೀವಮಾನವಿಡೀ ಬೇರೆಯವರನ್ನು ಸುಮ್ಮನಿರಿಸಿ ಅಭ್ಯಾಸವಾಗಿ, ತಾನೂ ಮೆಲ್ಲಗೇ ಮಾತಾಡುತ್ತಿದ್ದ.

ಹೆಡ್ಡಮ್ಮ ತನ್ನ ಹೆಸರಿನ ಇನ್ನೊಂದು ಅರ್ಥವನ್ನು ಮುಂದಿಟ್ಟುಕೊಂಡು ಕೂತಳು. ಹಾಡಿನಲ್ಲಿ ಉಸಿರು ತೆಗೆಯುತ್ತಾರಂತೆ, ಹೌದೇ, ನೋಡಬಹುದೇ ಎಂದು ಕೇಳಿದಳು. ಇಂಥ ಕುತೂಹಲದಿಂದ ಅವನ ಬಾಗಿಲಿಗೆ ಯಾರೂ ಬಂದು ವರ್ಷಗಳಾಗಿದ್ದವೇನೋ, ಅವನು ಸಂತೋಷದಿಂದಲೇ ತೋರಿಸಿದ. ಪರದೆಯ ಮೇಲೆ ಯಾರೋ ಹುಡುಗಿಯ ಹಾಡು ಗುಡ್ಡಗುಡ್ಡವಾಗಿ ಮೂಡಿತು. ದೊಡ್ಡ ಗುಡ್ಡಗಳು ಪದಗಳು. ಪ್ರತಿ ಸಾಲಿನ ಮುಂಚೆ ಇರುವೆಗೂಡಿನಷ್ಟು ಒಂದು ದಿಬ್ಬ, ಅದು ಉಸಿರು. ಅವನು ದಿಬ್ಬವನ್ನು ಹಿಡಿದು ಗುಂಡಿಯೊತ್ತಿದ. ಗೆರೆ ಮಟ್ಟಸವಾಯಿತು.

ಮೊದಲು ಇದನ್ನೇ ಟೇಪಿನ ಮೇಲೆ ಬಿಳಿ ಪೆನ್ಸಿಲಿನಲ್ಲಿ ಗುರುತು ಹಾಕಿ, ಬ್ಲೇಡಿನಲ್ಲಿ ಓರೆಯಾಗಿ ಕೊಯ್ದು ಅಂಟಿಸುತ್ತಿದ್ದೆ ಎಂದ. ಈಗ ಎಲ್ಲರಿಗೂ ಹೀಗೇ ಬೇಕು, ಉಸಿರು ಕೇಳಿಸಿದರೆ ಹಾಡು ಹಳೆಯದು ಎನ್ನುತ್ತಾರೆ ಎಂದ.

"ನನ್ನ ಹತ್ರಾನೂ ಒಂದಿದೆ, ನೋಡ್ತೀರಾ?" ಎಂದಳು ಹೆಡ್ಡಮ್ಮ.

ಅವನೇ ವೈರು ತಂದು ಆಕೆಯ ಫೋನನ್ನು ಕಂಪ್ಯೂಟರಿಗೂ ದೊಡ್ಡ ಸ್ಪೀಕರುಗಳಿಗೂ ಸಿಕ್ಕಿಸಿದ. 'ನಾನು ನನ್ನಿಷ್ಟದಿಂದಲೇ ಹೋಗ್ತಾ ಇದ್ದೀನಿ. ಯಾರೂ ಬಲವಂತ ಮಾಡಿಲ್ಲ.' ಆಕೆ ಅಲ್ಲಿಗೆ ನಿಲ್ಲಿಸಿದಳು.

ಕತ್ತರಿಯ ಕೈ ಕೀಲಿಮಣೆಯ ಮೇಲೆ ಹಾಗೇ ನಿಂತಿತು.

"ಇದು ನಿಮ್ಮ ಹತ್ರ ಹೇಗೆ ಬಂತು?"

"ಪೊಲೀಸರ ಹತ್ರಾನೂ ಇದೆ. ದೊಡ್ಡಕ್ಕ ಕಾಣ್ತಿಲ್ಲ. ಹನ್ನೊಂದು ದಿನ ಆಯ್ತು. ಪೇಪರಿನವರಿಗೆ ಗೊತ್ತಾಗೋದು ಬೇಡ ಅಂತ ಮಗಳು ಕೇಳಿಕೊಂಡಿದ್ದಾಳೆ, ಅದಕ್ಕೇ ನಿಮ್ಮ ಕಿವಿಗೆ ಬಿದ್ದಿಲ್ಲ. ಈ ಮಾತನ್ನ ಅವರು ಆಡಿಲ್ಲ, ನೀವು ಕಟ್ಟಿದ್ದೀರಿ. ಯಾರಿಗೋಸ್ಕರ ಕಟ್ಟಿದ್ರಿ?"

ಕೆಳಗೆ ಲಾಂಡ್ರಿಯ ಯಂತ್ರ ತಿರುಗಿ ನಿಂತಿತು.

"ಅವರಿಗೋಸ್ಕರಾನೇ," ಎಂದ. "ದೊಡ್ಡಕ್ಕನಿಗೆ ದನಿ ಇಲ್ಲ. ಗಂಟಲು ಆಪರೇಷನ್ ಆಗಿ ಆರು ತಿಂಗಳಾಯ್ತು. ಪಿಸುಮಾತೂ ಬರಲ್ಲ."

ಹೋದ ತಿಂಗಳು ಅವರ ಹೊಸ ಹಾಡು ಬಂದಿತ್ತಲ್ಲ, ಬಸ್ಸಿನಲ್ಲೆಲ್ಲ ಅದೇ ಇತ್ತಲ್ಲ ಎಂದಳು ಹೆಡ್ಡಮ್ಮ. ಕತ್ತರಿ ಗೋಡೆಯ ಕಪಾಟಿನತ್ತ ಕೈ ತೋರಿದ. ಅಲ್ಲಿ ನಲವತ್ತು ವರ್ಷದ ದೊಡ್ಡಕ್ಕ ಇದ್ದಳು. ಹಾಡುಗಳಷ್ಟೇ ಅಲ್ಲ, ಎರಡು ಹಾಡುಗಳ ನಡುವೆ ಯಂತ್ರ ನಿಲ್ಲಿಸದೆ ಬಿಟ್ಟಾಗ ಸಿಕ್ಕಿಕೊಂಡ ಮಾತುಗಳೂ. ಫ್ಯಾನ್ ಹಾಕ್ರಪ್ಪ, ನೀರು ಕೊಡಿ, ಪಿಟೀಲು ಸ್ವಲ್ಪ ಮೆಲ್ಲಗೆ. ಹಾಡಿನಿಂದ ಅಕ್ಷರ ತೆಗೆದು ಹೊಸ ಹಾಡು ಕಟ್ಟಿದ್ದ. ಈ ಹರಟೆಯಿಂದ ಪದ ತೆಗೆದು ಈ ಸಂದೇಶ ಕಟ್ಟಿದ್ದ.

ಕಟ್ಟುವಾಗ ದೊಡ್ಡಕ್ಕ ಹೆಡ್ಡಮ್ಮ ಕೂತ ಕುರ್ಚಿಯಲ್ಲೇ ಕೂತಿದ್ದಳಂತೆ, ತೊಡೆಯ ಮೇಲೆ ಬರೆಯುವ ಹಲಗೆ ಇಟ್ಟುಕೊಂಡು. ದೂರದಲ್ಲಿ ಮಾತು ಮತ್ತೆ ಕಲಿಸುವ ಆಸ್ಪತ್ರೆಯೊಂದಿತ್ತು. ಎರಡು ವಾರ ಅಲ್ಲಿದ್ದು ಬರುವುದು. ದನಿ ಹೋಗಿದ್ದು ಮಗಳಿಗೆ ಗೊತ್ತಾಗಬಾರದು. ಹೇಳುವುದಾದರೆ ಬಾಯಿಂದಲೇ ಹೇಳಬೇಕು, ಅಲ್ಲಿಯವರೆಗೆ ಅವಳು ಗಾಬರಿಯಾಗದಿರಲಿ ಎಂಬುದು ಆಕೆಯ ಆಸೆ.

"ಉಸಿರು ಇರಲಿ ಅಂತ ಹಲಗೆ ಮೇಲೆ ಬರೆದು ತೋರಿಸಿದ್ರು," ಎಂದ ಕತ್ತರಿ. "ಇಲ್ಲದಿದ್ರೆ ಮಗಳಿಗೆ ಅನುಮಾನ ಬರುತ್ತೆ ಅಂತ. ಆಯ್ತು ಅಂದೆ. ಎಲ್ಲ ಮುಗಿದ ಮೇಲೆ ಕೈ ತಾನಾಗೇ ಹೋಗಿ ಎಲ್ಲಾನೂ ಒರೆಸಿಬಿಡ್ತು. ಮೂವತ್ತು ವರ್ಷದ ಚಟ. ಅವರು ಗಮನಿಸಲಿಲ್ಲ. ನಾನು ಹೇಳಲಿಲ್ಲ."

ಹೆಡ್ಡಮ್ಮನ ಎದೆ ಸ್ವಲ್ಪ ಹಗುರಾಯಿತು. ಸುಳ್ಳು ದನಿಯಾದರೂ ಮಾತು ತಾಯಿಯದೇ. ಇನ್ನು ಮೂರು ದಿನ, ಭಾನುವಾರಕ್ಕೆ ಆಕೆ ಹಿಂದಿರುಗುತ್ತಾಳೆ. ಮಗಳಿಗೆ ಹೇಳಬೇಕಾದ್ದು ಇನ್ನು ಅಷ್ಟು ಕಷ್ಟದ್ದಲ್ಲ. ಗೋಡೆಯ ಮೇಲೆ ನಾಲ್ಕೂವರೆ. ಒಂದು ಸಲ ಪೂರ್ತಿ ಕೇಳಿ ಠಾಣೆಗೆ ಹೊರಡೋಣ ಎಂದು ಆಕೆ ಮತ್ತೆ ಗುಂಡಿ ಒತ್ತಿದಳು. ಪರದೆಯ ಮೇಲೆ ಗುಡ್ಡಗಳು ಸಾಲಾಗಿ ಮೂಡಿದವು, ಅವುಗಳ ನಡುವೆ ಮಟ್ಟಸವಾದ ಗೆರೆ.

'ಮನೆ ಹಾಗೇ ಇರಲಿ' ಆದ ಮೇಲೆ ಒಂದು ಪುಟ್ಟ ದಿಬ್ಬ ಕಂಡಿತು. ಮುಂದೆ ಇನ್ನೊಂದು.

"ಇಲ್ಲಿ ಎರಡು ಉಳಿಸಿದ್ದೀರಲ್ಲ," ಎಂದಳು.

ಕತ್ತರಿ ಕನ್ನಡಕ ಹಾಕಿಕೊಂಡು ಪರದೆಗೆ ಮುಖ ತಾಗಿಸುವಷ್ಟು ಬಾಗಿದ. ಹಿಂದಕ್ಕೆ ತಿರುಗಿಸಿ ಇನ್ನೊಮ್ಮೆ ಹಾಕಿದ. 'ನನ್ನನ್ನ ಹುಡುಕಬೇಡಿ. ಮಗಳೇ, ನಿನ್ನ ಮೇಲೆ ನನಗೇನೂ ಬೇಜಾರಿಲ್ಲ.'

"ಇದು ನಾನು ಮಾಡಿದ್ದಲ್ಲ."

"ಮತ್ತೆ?"

"ಇಲ್ಲಿ 'ಎರಡು ವಾರದಲ್ಲಿ ಬರ್ತೀನಿ' ಅಂತ ಇತ್ತು. ಆ ಒಂದು ಸಾಲಿಗೆ ಇಡೀ ಗಂಟೆ ಹಿಡಿದಿತ್ತು, ಮರೆಯೋಕೆ ಆಗುತ್ತಾ? ಅಷ್ಟಕ್ಕೇ ಮುಗಿದಿತ್ತು. ಅದನ್ನ ತೆಗೆದು ಇದನ್ನ ಸೇರಿಸಿದ್ದಾರೆ." ಅವನು ಕುರ್ಚಿಗೆ ಒರಗಿದ. "ಮಗಳೇ ಅನ್ನೋ ಪದ ಬೇಕು ಅಂತ ದೊಡ್ಡಕ್ಕ ತುಂಬ ಕೇಳಿದ್ರು. ಕೈಗೆ ಸಿಕ್ಕ ಟೇಪನ್ನೆಲ್ಲ ಹಾಕಿ ಹುಡುಕಿದ್ವಿ. ನಲವತ್ತು ವರ್ಷದಲ್ಲಿ ಒಂದು ಸಲಾನೂ ಅವರು ಇಲ್ಲಿ ಆ ಪದ ಆಡಿರಲಿಲ್ಲ. ಅವರು ಹಲಗೆ ಒರೆಸಿ, ಬಿಡು ಅಂತ ಕೈ ಆಡಿಸಿದ್ರು."

ಹೆಡ್ಡಮ್ಮ ಭುಜದ ಮೇಲಿನ ಒದ್ದೆ ಗುರುತಿನ ಮೇಲೆ ಸೆರಗು ಎಳೆದುಕೊಂಡಳು.

ದನಿ ಯಾರದು ಎಂದು ಕೇಳಿದಳು. ದೊಡ್ಡಕ್ಕನದೇ, ಅದರಲ್ಲಿ ಎರಡು ಮಾತಿಲ್ಲ ಎಂದ ಅವನು. ಆದರೆ ಹೊಸದು, ಸಣ್ಣ ಕೋಣೆಯಲ್ಲಿ, ಫೋನಿನ ಹತ್ತಿರ ಬಾಯಿ ಇಟ್ಟು ಹೇಳಿದ್ದು. ದನಿಯೇ ಇಲ್ಲದವರು ಹೇಗೆ ಹೇಳಿದರು ಎಂಬುದು ಅವನಿಗೂ ತಿಳಿಯಲಿಲ್ಲ. ಅವನ ಮುಖದಲ್ಲಿ ದನಿ ಮರಳಿತೇನೋ ಎಂಬ ಆಸೆ ಮೂಡಿದ್ದನ್ನು ಹೆಡ್ಡಮ್ಮ ಕಂಡಳು, ಕಂಡು ಸಂಕಟವಾಯಿತು.

"ನೀವು ಕಟ್ಟಿದ್ದನ್ನ ಮಗಳಿಗೆ ಯಾರು ಕಳಿಸಿದ್ರು?"

"ದೊಡ್ಡಕ್ಕನೇ. ಹೊರಡೋ ದಿನ ಬೆಳಗ್ಗೆ ಇಲ್ಲಿಗೆ ಬಂದು, ಇದೇ ಕುರ್ಚಿಯಲ್ಲಿ ಕೂತು, ನನ್ನ ಕಣ್ಣೆದುರೇ ಕಳಿಸಿದ್ರು. ಪೂರ್ತಿ ಇತ್ತು ಆಗ. ನಾನೇ ಕೇಳಿ ನೋಡಿದ್ದೆ."

ಹಾಗಾದರೆ ಈ ಕೋಣೆಗೂ ಠಾಣೆಗೂ ನಡುವೆ ಇದ್ದದ್ದು ಒಂದೇ ಒಂದು ಫೋನು, ಮಗಳದು. ಹೆಡ್ಡಮ್ಮ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಮಗಳು ದೊಡ್ಡಕ್ಕನ ಜೊತೆ ಇಲ್ಲಿಗೆ ಬರುತ್ತಿದ್ದಳೇ ಎಂದು ಮಾತ್ರ ಕೇಳಿದಳು. ಒಂದು ಸಲವೂ ಇಲ್ಲ ಎಂದ ಕತ್ತರಿ. ತಾಯಿಯನ್ನು ತನ್ನಿಂದ ಕಿತ್ತುಕೊಂಡ ಜಾಗವೆಂದು ಆ ಹುಡುಗಿ ಈ ಕಟ್ಟಡದ ಮುಂದೆ ಹಾಯುತ್ತಲೂ ಇರಲಿಲ್ಲವಂತೆ. ಅವಳ ಮುಖ ಹೇಗಿದೆ, ಮಾತು ಹೇಗಿದೆ, ಅವನಿಗೆ ಗೊತ್ತಿಲ್ಲ.

"ಆಸ್ಪತ್ರೆ ಯಾವುದು? ಬೇಗ ಹೇಳಿ."

"ವಿಳಾಸ ಬರೆದು ಕೊಟ್ಟಿದ್ದಾರೆ. ಯಾರಿಗೂ ತೋರಿಸಬೇಡ ಅಂದಿದ್ರು." ಅವನು ಡ್ರಾಯರ್ ಎಳೆದು ಕಾಗದಗಳನ್ನು ಕೆದಕತೊಡಗಿದ.

ಆಗ ಹೆಡ್ಡಮ್ಮನ ಫೋನು ಬಡಿದುಕೊಂಡಿತು. ಆಕೆ ಅವಸರದಲ್ಲಿ ಒತ್ತಿದಳು. ವೈರು ಇನ್ನೂ ಸಿಕ್ಕಿಸಿಯೇ ಇತ್ತು.

ಎರಡು ದೊಡ್ಡ ಸ್ಪೀಕರುಗಳಿಂದ ಹೆಣ್ಣಿನ ದನಿಯೊಂದು ಕೋಣೆ ತುಂಬಿಕೊಂಡಿತು. ಮಾಸ್ಕು ಇರಲಿಲ್ಲ, ಪಿಸುಗುಟ್ಟುತ್ತಲೂ ಇರಲಿಲ್ಲ.

"ಹೆಡ್ಡಮ್ಮ, ನಾನು ಠಾಣೆಯಲ್ಲಿದ್ದೀನಿ. ಕಾಗದ ರೆಡಿ ಇದೆ, ಪೆನ್ನು ಕೈಲಿದೆ. ನೀವು ಏನಾದ್ರೂ ಹೇಳೋದಿದೆಯಾ?"

ಡ್ರಾಯರಿನಿಂದ ಕತ್ತರಿ ಮೆಲ್ಲಗೆ ತಲೆ ಎತ್ತಿದ. ಕೈಯಲ್ಲಿ ಮಡಿಸಿದ ಚೀಟಿ. ಎದ್ದು ನಿಂತ. ಕಣ್ಣು ತುಂಬಿ ಬಂದವು.

"ದೊಡ್ಡಕ್ಕ," ಎಂದ, ಸ್ಪೀಕರಿನ ಕಡೆಗೆ. ಆಮೇಲೆ ಹೆಡ್ಡಮ್ಮನ ಕಡೆ ತಿರುಗಿ, ಮಗು ಹೇಳುವ ಹಾಗೆ, "ಮಾತು ಬಂತು ಅವರಿಗೆ."

ಆ ದನಿಯನ್ನು ನಲವತ್ತು ವರ್ಷ ಕೇಳಿದವನ ಕಿವಿ ಅದು. ಅದಕ್ಕೂ ಇದು ಮಗಳ ದನಿ ಎಂದು ತಿಳಿಯಲಿಲ್ಲ.

ಆ ಕಡೆ ಠಾಣೆಯ ಯಾವುದೋ ಕುರ್ಚಿ ಕಿರುಗುಟ್ಟಿದ್ದು ಕೇಳಿಸಿತು.

"ಸಹಿ ಹಾಕಬೇಡಮ್ಮ," ಎಂದಳು ಹೆಡ್ಡಮ್ಮ. "ನಾನು ಬರೋವರೆಗೆ ಅಲ್ಲೇ ಕೂತಿರು."

"ನಿಮ್ಮ ಪಕ್ಕ ಯಾರಿದ್ದಾರೆ?"

ಹೆಡ್ಡಮ್ಮ ವೈರಿನತ್ತ ಕೈ ಚಾಚಿದಳು.

"ಅಮ್ಮ ಎಲ್ಲಿದ್ದಾಳೆ ಅಂತ ಅವರಿಗೆ ಗೊತ್ತಾ?" ಎಂದು ಕೇಳಿತು ದೊಡ್ಡಕ್ಕನ ದನಿ. "ಅವರ ಕೈಗೆ ಫೋನು ಕೊಡಿ ಹೆಡ್ಡಮ್ಮ. ನಾನೇ ಕೇಳ್ತೀನಿ."

ಕತ್ತರಿಯ ಮುಖದ ನಗು ಇನ್ನೂ ಪೂರ್ತಿ ಆರಿರಲಿಲ್ಲ. ಚೀಟಿ ಬಿಚ್ಚುತ್ತಾ ಅವನು ಬಾಯಿ ತೆರೆದ. ಹೆಡ್ಡಮ್ಮ ಅವನ ಬಾಯಿಯ ಮೇಲೆ ಅಂಗೈ ಒತ್ತಿ ಹಿಡಿದಳು.